ದೊಡ್ಡವರ ಜಗಳ, ಮಕ್ಕಳ ಡೇರೆ

ಉರ್ದು ಶಾಲೆಯ ಏಳನೆಯ ತರಗತಿಯಲ್ಲಿದ್ದಾಗ ನಾನು ಸ್ಕೌಟ್ ಸೇರಿದ್ದೆ. ನಮ್ಮ ಮಾಸ್ತರರು ಸಂಜೆ ಮೈದಾನದಲ್ಲಿ ಹಗ್ಗದ ಗಂಟು ಹಾಕುವುದನ್ನು ಕಲಿಸುತ್ತಿದ್ದರು. ಬಲಗೈಯ ಮೂರು ಬೆರಳೆತ್ತಿ ಪ್ರತಿಜ್ಞೆ ಹೇಳಬೇಕು, ಎಡಗೈಯಿಂದ ಕೈ ಕುಲುಕಬೇಕು. ಎಡಗೈ ಕೊಡುವುದು ನಮ್ಮ ಮನೆಗಳಲ್ಲಿ ಬೇಅದಬಿ. ನಾನು ಹಿಂಜರಿದಾಗ ಮಾಸ್ತರರು, 'ಎಡಗೈ ಎದೆಗೆ ಹತ್ತಿರ ಕಣೋ' ಎಂದು ನಕ್ಕಿದ್ದರು. ಪ್ರತಿಜ್ಞೆಯಲ್ಲಿ 'ದೇವರು' ಬರುವ ಕಡೆ ನಾವು 'ಖುದಾ' ಎನ್ನುತ್ತಿದ್ದೆವು. ಯಾರೂ ಆಕ್ಷೇಪಿಸಲಿಲ್ಲ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಪ್ರತಿಜ್ಞೆಯಲ್ಲಿ 'ದೇವರು' ಎಂಬುದರ ಬದಲು 'ಧರ್ಮ' ಎಂದು ಹೇಳುವ ಅವಕಾಶವೂ ಇದೆ ಎಂಬುದು ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು.

ಇಷ್ಟು ಸಲೀಸಾಗಿ ನಾವು ದಾಟಿಬಂದ ಒಂದು ಪದಕ್ಕಾಗಿ ಅಮೆರಿಕದಲ್ಲಿ ಮಕ್ಕಳನ್ನು ಸಂಸ್ಥೆಯಿಂದ ಹೊರಹಾಕಿದ್ದಾರೆ, ಪಾಲಕರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. 1910ರಲ್ಲಿ ಹುಟ್ಟಿದ 'ಬಾಯ್ ಸ್ಕೌಟ್ಸ್ ಆಫ್ ಅಮೆರಿಕ' ಸಂಸ್ಥೆಯ ಕಳೆದ ನಾಲ್ಕು ದಶಕಗಳ ಇತಿಹಾಸವೆಂದರೆ ಬಹುಪಾಲು ದೊಡ್ಡವರ ಜಗಳಗಳ ಇತಿಹಾಸ. ಗಾಡ್, ಗೇ, ಗರ್ಲ್ಸ್ ಎಂಬ ಮೂರು 'ಜಿ'ಗಳ ಜಗಳ ಎಂದು ಅಲ್ಲಿಯವರೇ ಅದಕ್ಕೆ ಹೆಸರಿಟ್ಟಿದ್ದರು. ಈ ಜಗಳವನ್ನು ನಾವು ಇಲ್ಲಿ ಕುಳಿತು ಯಾಕೆ ಓದಬೇಕು? ಮಕ್ಕಳ ಹೆಸರಿನಲ್ಲಿ ದೊಡ್ಡವರು ಆಡುವ ಜಗಳ ಎಲ್ಲ ಕಡೆಯೂ ಒಂದೇ ರೀತಿ ಇರುತ್ತದೆ ಎಂಬ ಕಾರಣಕ್ಕೆ.

ಅಲ್ಲಿನ ವ್ಯವಸ್ಥೆಯನ್ನು ಮೊದಲು ತಿಳಿದುಕೊಳ್ಳಬೇಕು. ಊರಿನ ಒಂದು ಚರ್ಚೋ ಕ್ಲಬ್ಬೋ ಸ್ಕೌಟ್ ದಳವೊಂದನ್ನು ಪ್ರಾಯೋಜಿಸುತ್ತದೆ, ಅದರ ಮುಖಂಡರನ್ನು ಆರಿಸುತ್ತದೆ. ಮುಖಂಡರಿಗೆ ಸಂಬಳವಿಲ್ಲ. ಹಗಲು ಬೇರೆ ಕೆಲಸ ಮಾಡುವ ಸಾಮಾನ್ಯರು ವಾರಕ್ಕೊಮ್ಮೆ ಸಮವಸ್ತ್ರ ತೊಟ್ಟು ಮಕ್ಕಳೆದುರು ನಿಲ್ಲುತ್ತಾರೆ, ರಜೆಯಲ್ಲಿ ಅವರನ್ನು ಕಾಡಿಗೆ ಕರೆದೊಯ್ದು ಡೇರೆ ಹಾಕಿಸುತ್ತಾರೆ. ಹೀಗಾಗಿ ಅಲ್ಲಿ ಎದ್ದ ಪ್ರತಿ ವಿವಾದವೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ನಮ್ಮ ಮಕ್ಕಳ ಮುಂದೆ ನಿಲ್ಲಲು ಯೋಗ್ಯರು ಯಾರು?

ನ್ಯೂಜೆರ್ಸಿಯ ಜೇಮ್ಸ್ ಡೇಲ್ ಎಂಟನೆಯ ವಯಸ್ಸಿಗೆ ಕಬ್ ಆಗಿ ಸೇರಿದವನು, ಮುಂದೆ ಈಗಲ್ ಸ್ಕೌಟ್ ಎಂಬ ಅತ್ಯುನ್ನತ ದರ್ಜೆ ಗಳಿಸಿದವನು. ಕಾಲೇಜಿನಲ್ಲಿದ್ದಾಗ ಆತ ಸಲಿಂಗಿ ಎಂಬುದು ಪತ್ರಿಕೆಯೊಂದರ ವರದಿಯಿಂದ ಗೊತ್ತಾಯಿತು. 1990ರಲ್ಲಿ ಅವನನ್ನು ಸಹಾಯಕ ಸ್ಕೌಟ್ ಮಾಸ್ಟರ್ ಸ್ಥಾನದಿಂದ ತೆಗೆದರು. ಅವನ ವಿರುದ್ಧ ಯಾವ ಮಗುವಿನ ದೂರೂ ಇರಲಿಲ್ಲ. ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಆದರೆ 2000ದ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಅದನ್ನು ತಿರುವಿ ಹಾಕಿತು. ತನ್ನ ಮೌಲ್ಯಗಳಿಗೆ ಒಪ್ಪದವನನ್ನು ಮುಖಂಡನಾಗಿ ಇಟ್ಟುಕೊಳ್ಳುವಂತೆ ಖಾಸಗಿ ಸಂಘವೊಂದನ್ನು ಒತ್ತಾಯಿಸಲಾಗದು ಎಂಬುದು ಬಹುಮತದ ವಾದ. ಸಂಸ್ಥೆಯ ಪ್ರತಿಜ್ಞೆಯಲ್ಲಾಗಲಿ ನಿಯಮದಲ್ಲಾಗಲಿ ಈ ವಿಷಯದ ಪ್ರಸ್ತಾಪವೇ ಇಲ್ಲವಲ್ಲ ಎಂದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಎತ್ತಿ ತೋರಿಸಿದರು.

ನಾನು ಬಹುಮತದ ವಾದವನ್ನು ಹಗುರವಾಗಿ ತಳ್ಳಿಹಾಕಲಾರೆ. ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದ ಯಾರೂ ತಳ್ಳಿಹಾಕಬಾರದು. ನಮ್ಮ ಸಂವಿಧಾನದ 30ನೇ ವಿಧಿ ನಮಗೆ ನಮ್ಮದೇ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ತನ್ನ ನಂಬಿಕೆಗೆ ತಕ್ಕ ಗುರುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಸಣ್ಣ ಗುಂಪುಗಳಿಗೆ ಉಸಿರಿದ್ದ ಹಾಗೆ. ಆದರೆ ಆ ಹಕ್ಕನ್ನು ಕೇಳುವವರು ತಮ್ಮ ನಂಬಿಕೆ ಏನೆಂದು ಬಾಗಿಲಲ್ಲೇ ಬರೆದಿರಬೇಕು. ಎಲ್ಲ ಹುಡುಗರಿಗೂ ಬಾಗಿಲು ತೆರೆದಿದೆ ಎಂದು ಸಾರಿ, ಹತ್ತಾರು ಪಂಥಗಳ ಮಕ್ಕಳನ್ನು ಕರೆದು, ಹನ್ನೆರಡು ವರ್ಷ ಬೆಳೆಸಿದ ಮೇಲೆ 'ನೀನು ನಮ್ಮವನಲ್ಲ' ಎನ್ನುವುದು ಆ ಹಕ್ಕಿನ ಸದ್ಬಳಕೆಯಲ್ಲ.

ಮುಂದಿನದು ಇನ್ನೂ ವಿಚಿತ್ರ. 2002ರಲ್ಲಿ ವಾಷಿಂಗ್ಟನ್ ರಾಜ್ಯದ 19 ವರ್ಷದ ಈಗಲ್ ಸ್ಕೌಟ್ ಒಬ್ಬ ತನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಸದಸ್ಯತ್ವ ಕಳೆದುಕೊಂಡ. ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದ. 2013ರ ಮೇ ತಿಂಗಳಲ್ಲಿ ಟೆಕ್ಸಾಸ್‌ನಲ್ಲಿ ಸೇರಿದ ಸುಮಾರು 1,400 ಪ್ರತಿನಿಧಿಗಳು ಮತ ಹಾಕಿದರು. ಶೇ. 61ಕ್ಕಿಂತ ಹೆಚ್ಚು ಮಂದಿ ಸಲಿಂಗಿ ಹುಡುಗರನ್ನು ಸೇರಿಸಿಕೊಳ್ಳಲು ಒಪ್ಪಿದರು. ದೊಡ್ಡವರ ಮೇಲಿನ ನಿಷೇಧವನ್ನು ಮಾತ್ರ ಹಾಗೇ ಉಳಿಸಿಕೊಂಡರು. ಎಂದರೆ ಹದಿನೇಳು ವರ್ಷದವರೆಗೆ ಒಳ್ಳೆಯ ಸ್ಕೌಟ್ ಆಗಿದ್ದವನು ಹದಿನೆಂಟನೆಯ ಹುಟ್ಟುಹಬ್ಬದ ಬೆಳಿಗ್ಗೆ ಮಕ್ಕಳ ಬಳಿ ಸುಳಿಯಬಾರದವನಾಗುತ್ತಾನೆ. ಕಥೆಯಲ್ಲಿ ಹೀಗೆ ಬರೆದರೆ ಸಂಪಾದಕರು ನಂಬುವ ಹಾಗೆ ಬರೆಯಿರಿ ಎಂದು ವಾಪಸು ಕಳಿಸುತ್ತಾರೆ. ಎರಡು ವರ್ಷಗಳ ನಂತರ, ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಗೇಟ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, 2015ರ ಜುಲೈನಲ್ಲಿ ದೊಡ್ಡವರ ಮೇಲಿನ ನಿಷೇಧವೂ ಹೋಯಿತು. ಚರ್ಚುಗಳು ನಡೆಸುವ ದಳಗಳಿಗೆ ತಮ್ಮ ನಂಬಿಕೆಯಂತೆ ಮುಖಂಡರನ್ನು ಆರಿಸುವ ಅವಕಾಶ ಉಳಿಯಿತು. ನನ್ನ ದೃಷ್ಟಿಯಲ್ಲಿ ಇದು ಮೊದಲೇ ಆಗಬಹುದಾಗಿದ್ದ ರಾಜಿ.

ಆನಂತರ ಹುಡುಗಿಯರ ಪ್ರಶ್ನೆ ಬಂತು. 2018ರಲ್ಲಿ ಕಬ್ ವಿಭಾಗಕ್ಕೆ, 2019ರಲ್ಲಿ ಹಿರಿಯ ವಿಭಾಗಕ್ಕೆ ಅವರನ್ನು ಸೇರಿಸಿಕೊಂಡರು. ಗರ್ಲ್ ಸ್ಕೌಟ್ಸ್ ಸಂಸ್ಥೆ ಮೊಕದ್ದಮೆ ಹೂಡಿ ಸೋತಿತು. ದೊಡ್ಡ ಪ್ರಾಯೋಜಕರಾಗಿದ್ದ ಮಾರ್ಮನ್ ಚರ್ಚಿನವರು 2019ರ ಕೊನೆಗೆ ಹೊರನಡೆದು ತಮ್ಮದೇ ಕಾರ್ಯಕ್ರಮ ಆರಂಭಿಸಿದರು. 2025ರ ಫೆಬ್ರವರಿ 8ರಿಂದ ಸಂಸ್ಥೆಯ ಹೆಸರು 'ಸ್ಕೌಟಿಂಗ್ ಅಮೆರಿಕ' ಎಂದಾಯಿತು.

ಇಷ್ಟೂ ಹೊತ್ತು ಓದಿದವರಿಗೆ ಒಂದು ವಿಷಯ ಹೊಳೆದಿರಬಹುದು. ಈ ಕಥೆಯಲ್ಲಿ ಮಕ್ಕಳಿಗೆ ಮಾತೇ ಇಲ್ಲ. ಕಥೆಗಾರನಾಗಿ ನಾನು ಕಲಿತ ಒಂದು ಪಾಠವಿದೆ: ಕಥೆಯಲ್ಲಿ ಎಲ್ಲರೂ ಯಾರ ಬಗ್ಗೆ ಮಾತಾಡುತ್ತಿದ್ದಾರೋ ಆ ಪಾತ್ರ ಮೌನವಾಗಿದ್ದರೆ, ನಿಜವಾದ ಕಥೆ ಆ ಮೌನದಲ್ಲಿದೆ. ಇಲ್ಲಿಯೂ ಹಾಗೇ ಆಯಿತು.

ಈ ಸಂಸ್ಥೆ 1920ರ ದಶಕದಿಂದಲೇ ಗುಟ್ಟಾದ ಕಡತಗಳನ್ನು ಇಟ್ಟುಕೊಂಡು ಬಂದಿತ್ತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪ ಹೊತ್ತ ಸ್ವಯಂಸೇವಕರ ಹೆಸರುಗಳು ಅದರಲ್ಲಿದ್ದವು. ಅಂಥವರು ಮತ್ತೊಂದು ಊರಿನಲ್ಲಿ ಸೇರದಂತೆ ತಡೆಯುವುದು ಉದ್ದೇಶ. ಉದ್ದೇಶ ಒಳ್ಳೆಯದೇ, ಕೆಲವರನ್ನು ಅದು ತಡೆದದ್ದೂ ನಿಜ. ಆದರೆ ಎಷ್ಟೋ ಪ್ರಕರಣಗಳಲ್ಲಿ ಪೊಲೀಸರಿಗೆ ತಿಳಿಸಲಿಲ್ಲ, ಉಳಿದ ಪಾಲಕರಿಗೆ ತಿಳಿಸಲಿಲ್ಲ. ಕೆಲವರು ಮರಳಿ ಬಂದು ಅದೇ ಕೆಲಸ ಮುಂದುವರಿಸಿದರು. 2010ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನ ಮೊಕದ್ದಮೆಯೊಂದರಲ್ಲಿ ಈ ಕಡತಗಳು ಸಾಕ್ಷ್ಯವಾದವು. 2012ರ ಅಕ್ಟೋಬರಿನಲ್ಲಿ 1965ರಿಂದ 1985ರವರೆಗಿನ ಸುಮಾರು 1,200 ಕಡತಗಳು ಬಹಿರಂಗವಾದವು. ಅದರಲ್ಲಿದ್ದವರು ಯಾರು? ಶಿಕ್ಷಕರು, ವೈದ್ಯರು, ಪಾದ್ರಿಗಳು, ಊರಿನ ಮರ್ಯಾದಸ್ಥರು. 2020ರ ಫೆಬ್ರವರಿಯಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಆ ವರ್ಷ ಪರಿಹಾರ ಕೇಳಿ ಬಂದವರ ಸಂಖ್ಯೆ 82,000ಕ್ಕೂ ಹೆಚ್ಚು. ಸುಮಾರು 246 ಕೋಟಿ ಡಾಲರಿನ ಪರಿಹಾರ ಯೋಜನೆ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು.

ಅಲ್ಲಿಯ ದೊಡ್ಡವರು ಯಾರು ಅಯೋಗ್ಯ ಎಂದು ವರ್ಷಗಟ್ಟಲೆ ವಾದಿಸುತ್ತಿದ್ದಾಗ, ನಿಜವಾಗಿ ಅಯೋಗ್ಯರಾದವರ ಪಟ್ಟಿ ಅವರದೇ ಕಪಾಟಿನಲ್ಲಿತ್ತು. ಅದಕ್ಕೆ ಬೀಗ ಹಾಕಿ ಹೊರಗೆ ವೇದಿಕೆಯಲ್ಲಿ ನೈತಿಕತೆಯ ಚರ್ಚೆ ನಡೆಯಿತು. ಇದು ಈ ಇಡೀ ಪ್ರಕರಣದ ಬಗ್ಗೆ ನನ್ನ ಮುಖ್ಯ ಆಕ್ಷೇಪ. ಸಲಿಂಗಕಾಮದ ಬಗ್ಗೆ ನನ್ನ ಧರ್ಮದ ನಿಲುವೇನೆಂಬುದು ಓದುಗರಿಗೆ ಗೊತ್ತು. ಅದನ್ನು ನಾನಿಲ್ಲಿ ಚರ್ಚಿಸಲು ಹೊರಟಿಲ್ಲ. ಆದರೆ ಒಬ್ಬ ಮನುಷ್ಯ ಇಂಥವನು ಎಂಬ ಕಾರಣಕ್ಕೇ ಅವನಿಂದ ಮಗುವಿಗೆ ಅಪಾಯ ಎನ್ನುವುದು ಬೇರೆ ಮಾತು, ಅದು ಸುಳ್ಳು ಮಾತು. ಮಗುವಿನ ಮೇಲೆ ಕೈ ಹಾಕುವವನನ್ನು ಅವನ ಪಂಗಡದಿಂದ ಗುರುತಿಸಲಾಗುವುದಿಲ್ಲ. ಅವನ ಬಲ ಇರುವುದು ಅವನಿಗೆ ಸಿಗುವ ಏಕಾಂತದಲ್ಲಿ, ಯಾರೂ ಪ್ರಶ್ನಿಸದ ಗೌರವದಲ್ಲಿ. ಇನ್ನೊಬ್ಬರತ್ತ ಬೆರಳು ತೋರಿಸುವ ಸಮಾಜ ಅವನಿಗೆ ಅವೆರಡನ್ನೂ ಕಾಪಾಡಿಕೊಡುತ್ತದೆ.

ಇದಕ್ಕೆ ಪ್ರತಿಯಾಗಿ, ಯಾವ ಗದ್ದಲವೂ ಇಲ್ಲದೆ ಅಮೆರಿಕದ ಸ್ಕೌಟುಗಳು 1987ರಲ್ಲಿ ಒಂದು ನಿಯಮ ತಂದರು. ಶಿಬಿರವಿರಲಿ, ಪ್ರವಾಸವಿರಲಿ, ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬ ದೊಡ್ಡವನು ಒಂದು ಮಗುವಿನೊಂದಿಗೆ ಒಂಟಿಯಾಗಿ ಇರಕೂಡದು. 2008ರಿಂದ ಎಲ್ಲ ಸ್ವಯಂಸೇವಕರ ಹಿನ್ನೆಲೆ ತಪಾಸಣೆ ಕಡ್ಡಾಯವಾಯಿತು. ಈ ನಿಯಮಗಳು ಯಾರ ಧರ್ಮವನ್ನೂ ಕೇಳುವುದಿಲ್ಲ, ಯಾರನ್ನೂ ಅವಮಾನಿಸುವುದಿಲ್ಲ. ಇವು ಎಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಿದ್ದರು.

ಬ್ರಿಟನ್ನಿನ ಅನುಭವ ಸ್ವಲ್ಪ ಬೇರೆ. 2012ರಲ್ಲಿ ಅಲ್ಲಿನ ಸ್ಕೌಟ್ ಸಂಸ್ಥೆ ಮುಸ್ಲಿಂ ಹುಡುಗಿಯರಿಗೆಂದು ಮೈಮುಚ್ಚುವ ಸಮವಸ್ತ್ರವನ್ನು ಪರಿಚಯಿಸಿತು. ಅದನ್ನು ವಿನ್ಯಾಸ ಮಾಡಿದವರು ಸಾರಾ ಎಲೆನಾನಿ ಎಂಬ ಮುಸ್ಲಿಂ ಮಹಿಳೆ. 2014ರ ಆರಂಭದಿಂದ ದೇವರನ್ನು ನಂಬದ ಮಕ್ಕಳಿಗೂ ಒಂದು ಪರ್ಯಾಯ ಪ್ರತಿಜ್ಞೆ ಬಂತು, ಹಳೆಯದೂ ಉಳಿಯಿತು. ಅಲ್ಲಾಹನ ಹೆಸರಿನಲ್ಲಿ ಹೇಳುವವರು ಹಾಗೇ ಹೇಳಬಹುದು. ನಂಬುವ ನನ್ನಂಥವನಿಗೆ ಇದರಿಂದ ಏನೂ ನಷ್ಟವಿಲ್ಲ. ಬದಲಿಗೆ ಅಲ್ಲಿನ ಗರ್ಲ್‌ಗೈಡಿಂಗ್ ಸಂಸ್ಥೆ 2013ರಲ್ಲಿ ಎಲ್ಲರ ಪ್ರತಿಜ್ಞೆಯಿಂದಲೂ ದೇವರನ್ನು ತೆಗೆದುಹಾಕಿತು. ಅದು ನನಗೆ ಸರಿಯೆನಿಸುವುದಿಲ್ಲ. ಒಬ್ಬರಿಗೆ ಜಾಗ ಮಾಡಿಕೊಡಲು ಇನ್ನೊಬ್ಬರನ್ನು ಎಬ್ಬಿಸಬೇಕಾಗಿಲ್ಲ. ಈ ವಿಷಯದಲ್ಲಿ 'ದೇವರು ಅಥವಾ ಧರ್ಮ' ಎಂದ ನಮ್ಮ ಹಿರಿಯರು ಹೆಚ್ಚು ಬುದ್ಧಿವಂತರು.

ನಮ್ಮ ಹಿರಿಯರಿಗೆ ಆ ಬುದ್ಧಿ ಬಂದದ್ದು ಹೊರಗೆ ನಿಂತ ಅನುಭವದಿಂದ. ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ 1908ರಲ್ಲಿ 'ಸ್ಕೌಟಿಂಗ್ ಫಾರ್ ಬಾಯ್ಸ್' ಪ್ರಕಟಿಸಿದ ಮರುವರ್ಷವೇ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳ ನಮ್ಮ ಬೆಂಗಳೂರಿನಲ್ಲಿ ಶುರುವಾಯಿತು. ಕ್ಯಾಪ್ಟನ್ ಟಿ.ಎಚ್. ಬೇಕರ್ ಅದನ್ನು ಕಟ್ಟಿದರು. ಆದರೆ ಆರಂಭದಲ್ಲಿ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಈ ನೆಲದ ಹುಡುಗರಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಆನಿ ಬೆಸೆಂಟ್ ಮದ್ರಾಸಿನಲ್ಲಿ, ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಅಲಹಾಬಾದಿನಲ್ಲಿ ಬೇರೆ ಸಂಘಗಳನ್ನು ಕಟ್ಟಿದರು. ಸ್ವಾತಂತ್ರ್ಯದ ನಂತರ ಇವೆಲ್ಲವನ್ನೂ ಒಂದುಗೂಡಿಸಲು ಶ್ರಮಿಸಿದವರಲ್ಲಿ ಶಿಕ್ಷಣ ಮಂತ್ರಿ ಮೌಲಾನಾ ಆಜಾದ್ ಒಬ್ಬರು. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿತು. ಅದರ ಪುಟ್ಟ ಹುಡುಗಿಯರಿಗೆ 'ಬುಲ್‌ಬುಲ್' ಎಂದು ಹೆಸರು. ಉರ್ದು ಕವಿಗಳ ಹಕ್ಕಿ ಕನ್ನಡ ಶಾಲೆಯ ಮೈದಾನದಲ್ಲಿ ಹಾರುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಹಾಗೆಂದು ನಾವು ಮೈಮರೆಯುವಂತಿಲ್ಲ. ನಮ್ಮ ದೊಡ್ಡವರ ಜಗಳಗಳೂ ಇವೆ. 2017ರಲ್ಲಿ ತಮಿಳುನಾಡು ಘಟಕದ ಅಧ್ಯಕ್ಷ ಸ್ಥಾನಕ್ಕೆ ಭಾಜಪದ ಎಚ್. ರಾಜಾ ಸ್ಪರ್ಧಿಸಿ ಸೋತಾಗ, ಆ ಚುನಾವಣೆ ಪಕ್ಷಗಳ ಕಾಳಗದಂತೆ ಸುದ್ದಿಯಾಯಿತು. ಮಕ್ಕಳ ಶಿಬಿರ ಹೇಗೆ ನಡೆಯುತ್ತಿದೆ ಎಂದು ಯಾರೂ ಕೇಳಲಿಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಹಿಜಾಬಿನ ಬಗ್ಗೆ ಎರಡೂ ಕಡೆಯ ದೊಡ್ಡವರು ಗಂಟಲು ಹರಿದುಕೊಂಡರು. ಪರೀಕ್ಷೆ ತಪ್ಪಿಸಿಕೊಂಡದ್ದು ಹುಡುಗಿಯರು. ಅದೇ ವರ್ಷದ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಸ್ಕೌಟ್ಸ್ ಗೈಡ್ಸ್‌ಗಳ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಇನ್ನು 2024ರ ಆಗಸ್ಟ್‌ನಲ್ಲಿ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ನಕಲಿ ಎನ್‌ಸಿಸಿ ಶಿಬಿರದ ಹೆಸರಿನಲ್ಲಿ ಹುಡುಗಿಯರ ಮೇಲೆ ದೌರ್ಜನ್ಯ ನಡೆದದ್ದು ಬಯಲಾಯಿತು. ಸಮವಸ್ತ್ರ ತೊಟ್ಟು ಬಂದವನನ್ನು ಯಾರೂ ಗುರುತಿನ ಚೀಟಿ ಕೇಳಿರಲಿಲ್ಲ. ದೂರು ಮುಚ್ಚಿಟ್ಟ ಆರೋಪದ ಮೇಲೆ ಶಾಲೆಯವರೂ ಬಂಧಿತರಾದರು.

ಅವರಿವರ ಮಾತು ಸಾಕು. ಕೆಲವು ವರ್ಷಗಳ ಹಿಂದೆ ನಮ್ಮವರದೇ ಒಂದು ಸಂಸ್ಥೆಯ ಸಮಿತಿ ಸಭೆಯಲ್ಲಿ ನಾನು ಕುಳಿತಿದ್ದೆ. ಹಾಸ್ಟೆಲಿನಲ್ಲಿ ರಾತ್ರಿ ಮಕ್ಕಳ ಜೊತೆ ಒಬ್ಬರೇ ಇರುವುದು ಬೇಡ, ಇಬ್ಬರಿರಲಿ ಎಂದು ಸೂಚಿಸಿದೆ. ಹಿರಿಯರೊಬ್ಬರು ತಕ್ಷಣ, 'ಯಾಕೆ ಸಾಹೇಬರೇ, ನಮ್ಮ ಉಸ್ತಾದರ ಮೇಲೆ ಅನುಮಾನವೇ?' ಎಂದರು. ಇನ್ನೊಬ್ಬರು, 'ಹೊರಗಿನವರಿಗೆ ಗೊತ್ತಾದರೆ ಕೌಮಿನ ಇಜ್ಜತ್ ಏನಾಗಬೇಕು?' ಎಂದರು. ನಾನು ಅನುಮಾನದ ಮಾತನ್ನೇ ಆಡಿರಲಿಲ್ಲ. ಆದರೂ ಎಲ್ಲರ ಮುಖ ನೋಡಿ ಸುಮ್ಮನಾದೆ. ಚಹಾ ಬಂತು, ಸಭೆ ಮುಗಿಯಿತು. ಅಮೆರಿಕದ ಕಡತಗಳ ಬಗ್ಗೆ ಓದುವಾಗ ನನ್ನನ್ನು ಚುಚ್ಚಿದ್ದು ಆ ಚಹಾದ ನೆನಪು. ಅಲ್ಲಿಯ ಸಮಿತಿಗಳಲ್ಲಿಯೂ ನನ್ನಂಥವರು ಬಹಳ ಮಂದಿ ಇದ್ದಿರಬೇಕು.

ನಾವು ಮಕ್ಕಳನ್ನು ಅಮಾನತ್ ಎನ್ನುತ್ತೇವೆ. ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಕೇಳಿದಾಗ ಹಾಗೇ ಹಿಂತಿರುಗಿಸಬೇಕಾದದ್ದು. ಅದನ್ನು ಇಟ್ಟುಕೊಂಡವನು ಲೆಕ್ಕ ಕೊಡಲೇಬೇಕು. ಲೆಕ್ಕ ಕೇಳಿದರೆ ಅವನಿಗೆ ಅವಮಾನ ಆಗಬಾರದು. ಒಳ್ಳೆಯ ಉಸ್ತಾದರನ್ನು ಸುಳ್ಳು ಆರೋಪದಿಂದ ಕಾಪಾಡುವುದೂ ಆ ಎರಡನೆಯ ವ್ಯಕ್ತಿಯ ಹಾಜರಿಯೇ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಇಂಥ ಅಪರಾಧ ಗೊತ್ತಿದ್ದೂ ತಿಳಿಸದೆ ಇರುವುದು ಶಿಕ್ಷಾರ್ಹ. ಸಂಸ್ಥೆಯ ಮುಖ್ಯಸ್ಥರಿಗಂತೂ ಒಂದು ವರ್ಷದವರೆಗೆ ಜೈಲು ಆಗಬಹುದು. ಕಾನೂನಿಗೆ ಹೆದರಿಯಾದರೂ ಮಾಡಬಹುದಾದದ್ದನ್ನು ದೇವರಿಗೆ ಹೆದರಿ ಮಾಡಬಾರದೇ?

ಶಾಲೆಯಿರಲಿ, ಮದರಸವಿರಲಿ, ಸ್ಕೌಟ್ ಶಿಬಿರವಿರಲಿ, ಕೇಳಬೇಕಾದ ಪ್ರಶ್ನೆಗಳು ಮೂರೇ. ರಾತ್ರಿ ಮಕ್ಕಳ ಜೊತೆ ಎಷ್ಟು ಜನ ದೊಡ್ಡವರಿರುತ್ತಾರೆ? ಮಗುವಿಗೆ ತೊಂದರೆಯಾದರೆ ಯಾರ ಬಳಿ ಹೇಳಬೇಕೆಂದು ಅದಕ್ಕೆ ಗೊತ್ತಿದೆಯೇ? ಹೇಳಿದರೆ ನಾವು ನಂಬುತ್ತೇವೆಯೇ? ಅಂದು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಮುಂದಿನ ಸಭೆಯಲ್ಲಿ ನಾನು ಮತ್ತೆ ಎತ್ತಲಿದ್ದೇನೆ. ನಿಮ್ಮ ಊರಿನ ಸಮಿತಿಯಲ್ಲಿ ನೀವಿದ್ದರೆ, ನೀವೂ ಎತ್ತಿ.