ಹಿಡಿ ತಿರುಗಿಸುವ ಕೈ

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಅವರಿಗೆ ಎರಡು ಹೊಸ ಚಟ ಹತ್ತಿಕೊಂಡವು. ಒಂದು, ಬೆಳಗಿನ ವಾಕಿಂಗು. ಇನ್ನೊಂದು, ಕಾಫಿಯ ಬಗ್ಗೆ ಮಾತಾಡುವುದು. ಮೊದಲನೆಯದು ಹಾಸನದಲ್ಲಿ ಮಳೆಗಾಲ ಶುರುವಾಗುತ್ತಲೇ ನಿಂತುಹೋಯಿತು. ಎರಡನೆಯದು ಅದೇ ಮಳೆಯಲ್ಲಿ ಇನ್ನಷ್ಟು ಚಿಗುರಿತು. ಮೂವತ್ತೈದು ವರ್ಷ ನಾನು ಕೊಟ್ಟ ಕಾಫಿಯನ್ನು ಪೇಪರಿನಿಂದ ಕಣ್ಣೆತ್ತದೆ ಕುಡಿದು ಲೋಟ ಕೆಳಗಿಡುತ್ತಿದ್ದವರು, ಒಂದು ದಿನ ಲೋಟವನ್ನು ಮೂಗಿನ ಹತ್ತಿರ ಹಿಡಿದು, "ನೋಡೇ, ಪುಡಿ ಹಳೇದಾಗಿದೆ. ಬೀಜ ತಂದಿಟ್ಟು ಬೇಕುಬೇಕಾದಾಗ ಪುಡಿ ಮಾಡ್ಕೋಬೇಕು. ಒಂದು ಒಳ್ಳೇ ಗ್ರೈಂಡರ್ ತಗೊಳ್ಳೋಣ" ಅಂದರು.

ಈ 'ತಗೊಳ್ಳೋಣ' ಎಂಬ ಬಹುವಚನವಿದೆಯಲ್ಲ, ಅದು ಬಹಳ ಮೋಸದ್ದು. ಕೊಳ್ಳುವಾಗ ಇಬ್ಬರು. ತಂದ ಮೇಲೆ ಒರೆಸುವವಳು, ಜೋಡಿಸುವವಳು, ಎತ್ತಿಡುವವಳು ಒಬ್ಬಳೇ. ನಮ್ಮ ಮನೆಗೆ ಬಂದ ರೊಟ್ಟಿ ಮೇಕರ್, ಜ್ಯೂಸರ್, ಇಡಿಯಪ್ಪದ ಮೆಷಿನ್ ಎಲ್ಲವೂ ಹೀಗೆ ಬಹುವಚನದಲ್ಲೇ ಬಂದು ಏಕವಚನದಲ್ಲಿ ಅಟ್ಟ ಸೇರಿದವು. ಆದ್ದರಿಂದ ನಾನು ಕೂಡಲೇ ಹೂಂ ಅನ್ನಲಿಲ್ಲ. ಅದಕ್ಕೆ ಇನ್ನೂ ಒಂದು ಕಾರಣವಿತ್ತು. ನನಗೆ ಅಜ್ಜಿಯ ತೋಳು ನೆನಪಾಯಿತು.

ಸಕಲೇಶಪುರದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ, ಅಡುಗೆಮನೆಯ ಕಿಟಕಿಯ ಪಕ್ಕದ ಹಲಗೆಗೆ ಎರಕದ ಕಬ್ಬಿಣದ ಒಂದು ಕಾಫಿ ಮಿಲ್ಲನ್ನು ಸ್ಕ್ರೂ ಹಾಕಿ ಬಿಗಿದಿದ್ದರು. ಮೇಲೆ ಆಲಿಕೆಯಂಥ ಬಾಯಿ, ಪಕ್ಕದಲ್ಲಿ ಮರದ ಗುಬಟಿನ ಹಿಡಿ. ಬೆಳಗಿನ ಜಾವ ಆ ಮಿಲ್ಲಿನ ಗರಗರ ಸದ್ದಿಗೇ ನಮಗೆಲ್ಲ ಎಚ್ಚರವಾಗುತ್ತಿತ್ತು. ಹನ್ನೆರಡು ಜನರ ಮನೆ. ಊರಿಗೆ ಬಂದವರೆಲ್ಲ ನಮ್ಮ ತಾತನ ಮನೆ ಕಾಫಿಯನ್ನು ಹೊಗಳುತ್ತಿದ್ದರು. ತಾತ ಆ ಹೊಗಳಿಕೆಯನ್ನು ತೋಟದ ಮಣ್ಣಿಗೂ ತಮ್ಮ ನಾಲಗೆಗೂ ಸಮನಾಗಿ ಹಂಚುತ್ತಿದ್ದರು. ಅಜ್ಜಿಗೆ ಬಲ ಭುಜ ಎತ್ತಲಾಗದ ನೋವು ಬಂದಾಗ, "ಪೇಟೆಯಿಂದ ಪುಡಿ ತರಿಸಿದರೆ ಆಗದಾ?" ಎಂದು ಒಮ್ಮೆ ಕೇಳಿದಳಂತೆ. "ರುಚಿ ಸತ್ತುಹೋಗುತ್ತೆ" ಎಂದರಂತೆ ತಾತ. ಅವರು ಆ ಹಿಡಿಯನ್ನು ಒಂದು ಸುತ್ತು ತಿರುಗಿಸಿದ್ದನ್ನು ನಾವು ಮೊಮ್ಮಕ್ಕಳು ಯಾರೂ ಕಾಣೆವು. ತಾತ ಹೋಗಿ ವರ್ಷ ತುಂಬಿದ ಮೇಲೆ ಅಜ್ಜಿ ಆ ಮಿಲ್ಲನ್ನು ಬಿಚ್ಚಿಸಿ ಗುಜರಿಯವನಿಗೆ ಕೊಟ್ಟಳು. ಅಂಗಡಿಯ ಪುಡಿ ತರಿಸಿ ಕಾಫಿ ಮಾಡಿ, ಕಾಲು ಚಾಚಿ ಕೂತು ಕುಡಿದಳು. ಆ ಮಿಲ್ಲನ್ನು ಇವತ್ತು ಹಳೆಯ ವಸ್ತುಗಳ ಅಂಗಡಿಯಲ್ಲಿ ಕಂಡವರು "ಎಂಥ ಸೊಗಸಾದ ವಸ್ತು!" ಎನ್ನುತ್ತಾರೆ. ನನಗಂತೂ ಹಾಗನ್ನಲು ಬಾಯಿ ಬರುವುದಿಲ್ಲ.

ಆದರೆ ನ್ಯಾಯ ಹೇಳಬೇಕಲ್ಲ. ತಾತನ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಮಿಲ್ಲು ಒಳ್ಳೆಯ ಮಿಲ್ಲೇ. ಯಾಕೆಂದರೆ ಅದು ಬೀಸುವ ಕಲ್ಲಿನ ಜಾತಿಯದು. ಈಗ ಅಂಗಡಿಗಳಲ್ಲಿ 'ಬರ್ ಗ್ರೈಂಡರ್' ಎಂದು ದೊಡ್ಡ ಹೆಸರಿಟ್ಟು ಮಾರುವುದು ಇದನ್ನೇ. ಬೀಸುವ ಕಲ್ಲಿನಲ್ಲಿ ಎರಡು ಕಲ್ಲುಗಳ ನಡುವೆ ಎಷ್ಟು ಸಂದು ಇರುತ್ತದೋ, ರಾಗಿ ಅಷ್ಟೇ ಗಾತ್ರದ ಹಿಟ್ಟಾಗಿ ಹೊರಬರುತ್ತದೆ. ಇಲ್ಲೂ ಹಾಗೆಯೇ. ಹಲ್ಲಿನ ಒಂದು ಬಳೆ, ಅದರೊಳಗೆ ಬುಗುರಿಯಂಥ ಹಲ್ಲಿನ ಗಟ್ಟಿ. ಇಲ್ಲವೇ ಮುಖಾಮುಖಿಯಾಗಿ ಎರಡು ಹಲ್ಲಿನ ಬಿಲ್ಲೆ. ಬೀಜ ಆ ಸಂದಿನಲ್ಲಿ ಇಳಿದು, ಸಂದಿನ ಅಳತೆಗೆ ಒಡೆದು ಕೆಳಗೆ ಬೀಳುತ್ತದೆ. ಮತ್ತೆ ಮೇಲೆ ಹೋಗುವುದಿಲ್ಲ. ಸಂದು ಹೆಚ್ಚು ಕಡಿಮೆ ಮಾಡಲು ಒಂದು ತಿರುಪು ಇರುತ್ತದೆ. ಇಷ್ಟೇ ಅದರ ಗುಟ್ಟು.

ನಮ್ಮ ಮಿಕ್ಸಿ ಬೀಸುವುದಿಲ್ಲ, ಕೊಚ್ಚುತ್ತದೆ. ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗುವ ಬ್ಲೇಡು ಕೈಗೆ ಸಿಕ್ಕಿದ ಬೀಜವನ್ನು ಹತ್ತು ಸಲ ಕೊಚ್ಚಿ ದೂಳು ಮಾಡುತ್ತದೆ, ಸಿಗದ ಬೀಜವನ್ನು ಹರಳಾಗಿಯೇ ಬಿಡುತ್ತದೆ. ಜಾರಿನ ಮುಚ್ಚಳ ತೆಗೆದರೆ ಪುಡಿ ಬೆಚ್ಚಗಿರುತ್ತದೆ. ಆ ಬಿಸಿಯ ಜೊತೆ ಒಂದಿಷ್ಟು ಘಮವೂ ಹೊರಟುಹೋಗಿರುತ್ತದೆ. ಸಾರಿನ ಪುಡಿಗೆ ಇದು ನಡೆದೀತು. ಫಿಲ್ಟರ್ ಕಾಫಿಗೆ ನಡೆಯುವುದಿಲ್ಲ. ದೂಳು ಫಿಲ್ಟರಿನ ತೂತುಗಳನ್ನು ಮುಚ್ಚಿ ಡಿಕಾಕ್ಷನ್ ಇಳಿಯಗೊಡದು, ಕಹಿಯನ್ನೂ ಬಿಡುತ್ತದೆ. ಹರಳು ಏನನ್ನೂ ಬಿಡುವುದಿಲ್ಲ. ಬೆಳಗ್ಗೆ ಆರು ಗಂಟೆಗೆ ಫಿಲ್ಟರಿನ ನೆತ್ತಿಗೆ ಚಮಚದಿಂದ ಟಕ್ ಟಕ್ ಎಂದು ಬಡಿಯುತ್ತ ನಿಂತ ಹೆಂಗಸಿಗೆ ಈ ವಿಷಯವನ್ನು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಗ್ರೈಂಡರನ್ನು ಪರೀಕ್ಷಿಸಲು ಬೇಕಾದದ್ದು ಒಂದೇ: ಪುಡಿ ಒಂದೇ ಸಮನಾಗಿ ಬರುತ್ತದೆಯೇ? ಡಬ್ಬಿಯ ಮೇಲೆ ಮೋಟಾರಿನ ವ್ಯಾಟ್ ಎಷ್ಟೇ ದೊಡ್ಡದಾಗಿ ಬರೆದಿರಲಿ, ಸ್ಟೀಲು ಎಷ್ಟೇ ಹೊಳೆಯಲಿ, ಅದರಿಂದ ಕಾಫಿಗೆ ಏನೂ ಇಲ್ಲ. ಒಂದು ಚಮಚ ಪುಡಿಯನ್ನು ಬಿಳೀ ಕಾಗದದ ಮೇಲೆ ಹರಡಿ ಬೆರಳಾಡಿಸಿ. ಚಿರೋಟಿ ರವೆಗಿಂತ ತುಸು ನುಣ್ಣಗಿರಬೇಕು, ಹಿಟ್ಟಾಗಿರಬಾರದು. ಆಮೇಲೆ ಮೈದಾ ಜರಡಿಯಲ್ಲಿ ಜಾಲಿಸಿ ನೋಡಿ. ಕೆಳಗೆ ಬಹಳ ದೂಳು ಉದುರಿ, ಮೇಲೆ ಹರಳು ಉಳಿದರೆ ಆ ಯಂತ್ರವನ್ನು ನಮಸ್ಕಾರ ಮಾಡಿ ವಾಪಸು ಕೊಡಿ.

ಪರೀಕ್ಷೆಗೆ ಮೊದಲು ನಮ್ಮ ಮನೆಗೆ ಬಂದದ್ದು ಪಿಂಗಾಣಿ ಹಲ್ಲಿನ, ಕೈಯಲ್ಲಿ ತಿರುಗಿಸುವ ಒಂದು ಅಗ್ಗದ ಗ್ರೈಂಡರು. ಅದರ ಬಳೆ ಗಟ್ಟಿಯಾಗಿ ಕೂತಿತ್ತು, ನಡುವಿನ ಬುಗುರಿ ಮಾತ್ರ ಅಲ್ಲಾಡುತ್ತಿತ್ತು. ಬುಗುರಿ ಅಲ್ಲಾಡಿದರೆ ಸಂದು ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು. ಅಲ್ಲಿಗೆ ಬೀಸುವ ಕಲ್ಲಿನ ನ್ಯಾಯವೇ ತಪ್ಪಿತು. ಇಪ್ಪತ್ತು ಗ್ರಾಂ ಬೀಜಕ್ಕೆ ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಹಿಡಿಯಿತು. ಮೂರನೆಯ ವಾರ ಬೀಜದ ಜೊತೆ ಸಣ್ಣ ಕಲ್ಲೊಂದು ಸೇರಿ ಪಿಂಗಾಣಿಯ ಹಲ್ಲು ಚಕ್ಕೆ ಎದ್ದಿತು. ಬೀಸುವ ಕಲ್ಲು ಸವೆದರೆ ಬೀದಿಯಲ್ಲಿ ಬರುತ್ತಿದ್ದವರನ್ನು ಕರೆದು ಉಳಿಯಿಂದ ಕಚ್ಚು ಹಾಕಿಸಬಹುದಿತ್ತು. ಇದಕ್ಕೆ ಯಾರನ್ನು ಕರೆಯೋಣ?

ಅನಂತರ ನಂಟರೊಬ್ಬರ ಮನೆಯ ಸ್ಟೀಲ್ ಹಲ್ಲಿನ ಕೈ ಗ್ರೈಂಡರನ್ನು ಎರಡು ವಾರ ಕೇಳಿ ತಂದೆವು. ಎರಡೂ ಕಡೆ ಬೇರಿಂಗ್ ಇದ್ದುದರಿಂದ ನಡುವಿನ ಕಂಬಿ ಅಲ್ಲಾಡುತ್ತಿರಲಿಲ್ಲ. ಅದೇ ಇಪ್ಪತ್ತು ಗ್ರಾಂ ಒಂದೂವರೆ ನಿಮಿಷದಲ್ಲಿ ಮುಗಿಯಿತು. ಜರಡಿಯ ಪರೀಕ್ಷೆಯಲ್ಲೂ ಗೆದ್ದಿತು. ಬೆಲೆ ಮಾತ್ರ ಮೊದಲಿನದರ ನಾಲ್ಕರಷ್ಟು. ಒಂದು ತೊಡಕು ಇದರಲ್ಲೂ ಇದೆ. ಇವುಗಳ ಹೊಟ್ಟೆ ಚಿಕ್ಕದು. ಒಂದು ಸಲಕ್ಕೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ಗ್ರಾಂ ಹಿಡಿಯುವಂಥವೇ ಬಹಳ. ಅದು ಒಂಟಿಯಾಗಿ ಕೂತು ಕಪ್ಪು ಕಾಫಿ ಕುಡಿಯುವವರ ಲೆಕ್ಕ. ನಾಲ್ಕು ಲೋಟ ಗಟ್ಟಿ ಫಿಲ್ಟರ್ ಕಾಫಿಗೆ ನಲವತ್ತು ಗ್ರಾಂ ಪುಡಿ ಬೇಕು. ಎರಡು ಸಲ ತುಂಬಿಸಬೇಕು, ಮಧ್ಯಾಹ್ನ ಮತ್ತೆರಡು ಸಲ. ಬಾಗಿಲಲ್ಲಿ ನೆಂಟರ ಆಟೋ ನಿಂತರೆ ದೇವರೇ ಗತಿ!

ಕರೆಂಟಿನ ಬರ್ ಗ್ರೈಂಡರು ಈ ತೊಂದರೆಯನ್ನೆಲ್ಲ ಒಂದು ನಿಮಿಷದೊಳಗೆ ಮುಗಿಸುತ್ತದೆ. ಒಳ್ಳೆಯದಾದರೆ ಹಲ್ಲು ನಿಧಾನವಾಗಿ, ನಿಮಿಷಕ್ಕೆ ಕೆಲವೇ ನೂರು ಸುತ್ತು ತಿರುಗುತ್ತದೆ. ಪುಡಿ ಬಿಸಿಯಾಗುವುದಿಲ್ಲ. ಬರಾಟ್ಜಾ ಎನ್‌ಕೋರ್ ಎಂಬ ಹೆಸರುವಾಸಿ ಗ್ರೈಂಡರಿನಲ್ಲಿ 40 ಮಿಲಿಮೀಟರಿನ ಸ್ಟೀಲ್ ಹಲ್ಲೂ ನುಣುಪು ತರಿಗಳ ನಲವತ್ತು ಮೆಟ್ಟಿಲೂ ಇವೆ. ಆದರೆ ಅಂಥವುಗಳ ಬೆಲೆಗೆ ಒಂದು ಒಳ್ಳೆಯ ವಾಷಿಂಗ್ ಮೆಷಿನ್ನೇ ಬರುತ್ತದೆ. ಅಗ್ಗಕ್ಕೆ ಸಿಗುವ ಕರೆಂಟಿನವುಗಳಲ್ಲಿ ಎರಡು ಬಗೆಯ ಮೋಸವುಂಟು. ಕೆಲವಕ್ಕೆ ಗ್ರೈಂಡರ್ ಎಂಬ ಹೆಸರು, ಒಳಗೆ ಮಿಕ್ಸಿಯ ಬ್ಲೇಡೇ ಇರುತ್ತದೆ. ಇನ್ನು ಕೆಲವಕ್ಕೆ ಬಿಲ್ಲೆಗಳೇನೋ ಉಂಟು, ಹಲ್ಲಿನ ಬದಲು ಮೊಂಡು ಗುಬುಟುಗಳು. ಅವು ಬೀಜವನ್ನು ಕತ್ತರಿಸುವುದಿಲ್ಲ, ಜಜ್ಜುತ್ತವೆ. ಮುಚ್ಚಳ ಬಿಚ್ಚಿಸಿ, ಕಣ್ಣಾರೆ ಹಲ್ಲು ನೋಡಿಯೇ ದುಡ್ಡು ಕೊಡಿ. ದನ ಕೊಳ್ಳುವಾಗಲೂ ಹಲ್ಲು ನೋಡುತ್ತಾರಲ್ಲವೇ?

ಬಳಸುವಾಗಿನ ಎರಡು ಮಾತು. ಚಿಕೋರಿಯನ್ನು ಗ್ರೈಂಡರಿಗೆ ಹಾಕಬೇಡಿ. ಅದು ತೇವ ಹೀರಿ ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ. ಬೇಕಾದಷ್ಟನ್ನು ಆಮೇಲೆ ಪುಡಿಗೆ ಬೆರೆಸಿ. ಸ್ಟೀಲ್ ಹಲ್ಲನ್ನು ನೀರಿನಲ್ಲಿ ತೊಳೆದರೆ ತುಕ್ಕು ಹಿಡಿಯುತ್ತದೆ. ಒಣ ಬ್ರಷ್ಷಿನಿಂದ ಉದುರಿಸಬೇಕು. ಸಂದಿನಲ್ಲಿ ಉಳಿದ ಹಳೆಯ ಪುಡಿ ಎಣ್ಣೆ ಬಿಟ್ಟು ಕಮಟು ವಾಸನೆ ಹಿಡಿದು, ಹೊಸ ಪುಡಿಯ ಮರ್ಯಾದೆಯನ್ನೂ ತೆಗೆಯುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ನಾನು ಯಜಮಾನರಿಗೆ ಪರೀಕ್ಷೆ ಇಟ್ಟೆ. ಒಂದೇ ಅಂಗಡಿಯ ಒಂದೇ ಬೀಜ. ಒಂದು ಲೋಟಕ್ಕೆ ಮಿಕ್ಸಿಯ ಪುಡಿ. ಇನ್ನೊಂದಕ್ಕೆ ವಾರದ ಹಿಂದೆ ಅಂಗಡಿಯಲ್ಲೇ ಬೀಸಿಸಿ ತಂದದ್ದು. ಮೂರನೆಯದಕ್ಕೆ ಆಗ ತಾನೇ ಕೈಯಲ್ಲಿ ತಿರುಗಿಸಿದ್ದು. ಹಾಲಿಲ್ಲದ ಡಿಕಾಕ್ಷನ್ನನ್ನು ಮೂಸಿದಾಗ ಮೂರನೆಯದು ಬೇರೆಯೇ ಎಂದು ನನಗೂ ತಿಳಿಯಿತು. ಅಲ್ಲಗಳೆಯುವುದಿಲ್ಲ. ಆದರೆ ಹಾಲು ಸಕ್ಕರೆ ಸೇರಿಸಿ ಕೊಟ್ಟಾಗ ಅವರು ಮಿಕ್ಸಿಯದನ್ನು ಮಾತ್ರ ಸರಿಯಾಗಿ ಹಿಡಿದರು. ಕಹಿ, ತಳದಲ್ಲಿ ಗಸಿ. ಉಳಿದೆರಡರಲ್ಲಿ ಅಂಗಡಿಯ ಪುಡಿಯದನ್ನೇ ಎತ್ತಿ ಹಿಡಿದು, "ಇದು ನೋಡು ತಾಜಾ!" ಅಂದರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಣ್ಣೆದುರು ಬೀಸಿಕೊಡುವ ಕಾಫಿಪುಡಿ ಅಂಗಡಿಯ ದೊಡ್ಡ ಮೆಷಿನ್ನೂ ಹಲ್ಲಿನ ಬಿಲ್ಲೆಗಳದೇ. ನಮ್ಮ ಅಡುಗೆಮನೆಯ ಯಾವ ಪುಟ್ಟ ಯಂತ್ರಕ್ಕೂ ಅದು ಅಣ್ಣ. ಆದ್ದರಿಂದ ನನ್ನ ಅಭಿಪ್ರಾಯ ಇದು: ನಡೆದುಹೋಗುವ ದೂರದಲ್ಲಿ ಅಂಥ ಅಂಗಡಿ ಇದ್ದರೆ, ವಾರಕ್ಕೊಮ್ಮೆ ಬೇಕಾದಷ್ಟನ್ನೇ ಬೀಸಿಸಿ ತಂದು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಗ್ರೈಂಡರಿನ ದುಡ್ಡು ಉಳಿಯಿತು. ಅಂಗಡಿ ಇಲ್ಲದ ಊರಿನವರಿಗೆ, ಪೊಟ್ಟಣದ ಪುಡಿಯನ್ನೇ ನಂಬಿದವರಿಗೆ ಮಾತು ಬೇರೆ. ಆ ಪೊಟ್ಟಣದಲ್ಲಿ ಕಾಫಿ 51 ಭಾಗ ಇದ್ದರೂ ಸಾಕು, 49 ಭಾಗದವರೆಗೆ ಚಿಕೋರಿ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ. ಎಷ್ಟೆಂಬುದನ್ನು ಪೊಟ್ಟಣದ ಮೇಲೆ ಬರೆದಿರಬೇಕು, ಕನ್ನಡಕ ಹಾಕಿಕೊಂಡು ಓದಿ. ಲೋಟದಲ್ಲಿರುವುದು ಏನೆಂದು ನಿಮಗೇ ಗೊತ್ತಿರಬೇಕಾದರೆ ಮನೆಯಲ್ಲೊಂದು ಬರ್ ಗ್ರೈಂಡರ್ ಇರುವುದು ಒಳ್ಳೆಯದೇ.

ನಮ್ಮ ಮನೆಗೆ ಕೊನೆಗೂ ಅದು ಬಂತು. ಯಜಮಾನರ ಅಕ್ಕನ ಮಗನಿಗೆ ಚಿಕ್ಕಮಗಳೂರಿನ ಕಡೆ ಸ್ವಲ್ಪ ತೋಟವಿದೆ. ಹಿಂದೆ, 1942ರಲ್ಲಿ ಹುಟ್ಟಿದ ಕಾಫಿ ಬೋರ್ಡು ಬೆಳೆಯನ್ನೆಲ್ಲ ಒಟ್ಟುಗೂಡಿಸಿ ತಾನೇ ಹರಾಜು ಹಾಕುತ್ತಿತ್ತು. 1996ರ ಹೊತ್ತಿಗೆ ಆ ಕಟ್ಟುಪಾಡು ಪೂರ್ತಿ ಹೋಗಿ, ಬೆಳೆಗಾರರು ತಮಗೆ ಬೇಕಾದವರಿಗೆ ಮಾರುವಂತಾಯಿತು. ತೋಟದ ಹೆಸರಿನಲ್ಲೇ ಹುರಿದ ಬೀಜ ಮನೆಮನೆಗೆ ಬರತೊಡಗಿದ್ದು, ಅದರ ಹಿಂದೆಯೇ ಈ ಗ್ರೈಂಡರುಗಳು ಬಂದದ್ದು ಆಮೇಲಿನ ಕತೆ. ಈ ಹುಡುಗನೂ ಬೀಜ ಹುರಿಸಿ ಕಳಿಸುತ್ತಾನೆ. ಹುರಿದ ಬೀಜ ಹಾಗೇ ಇಟ್ಟರೆ ಕೆಲವು ವಾರ ಚೆನ್ನಾಗಿರುತ್ತದೆ. ಪುಡಿ ಮಾಡಿದರೆ ಕೆಲವೇ ದಿನ. ಬಂದ ಬೀಜವನ್ನು ಏನು ಮಾಡುವುದು?

"ಆಗಲಿ ರೀ, ಸ್ಟೀಲ್ ಹಲ್ಲಿನ ಕೈ ಗ್ರೈಂಡರನ್ನೇ ತಗೊಳ್ಳಿ. ಆದರೆ ತಿರುಗಿಸೋದು, ಬ್ರಷ್ ಹಾಕೋದು ಎರಡೂ ನಿಮ್ಮದು. ರುಚಿ ಯಾರ ನಾಲಗೆಗೆ ಬೇಕೋ ಹಿಡಿ ಅವರ ಕೈಯಲ್ಲಿ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು. ಗ್ರೈಂಡರ್ ಆರಿಸಲು ಹೊರಟ ಅಕ್ಕತಂಗಿಯರಿಗೆ ನಾನು ಹೇಳುವುದೂ ಇಷ್ಟೇ. ಹಲ್ಲು ಪಿಂಗಾಣಿಯದೋ ಸ್ಟೀಲಿನದೋ, ಕೈಯದೋ ಕರೆಂಟಿನದೋ ಎಂಬುದೆಲ್ಲ ಎರಡನೆಯ ಪ್ರಶ್ನೆ. ಯಾರ ತೋಳು ಎಂಬುದು ಮೊದಲನೆಯದು. ಆ ಪ್ರಶ್ನೆಗೆ 'ನಾನೇ' ಎಂಬುದಲ್ಲದೆ ಬೇರೆ ಉತ್ತರ ಸಿಗದ ಮನೆಯಲ್ಲಿ, ದುಡ್ಡಿದ್ದರೆ ಕರೆಂಟಿನದು ಕೊಳ್ಳಿ. ಇಲ್ಲದಿದ್ದರೆ ಅಂಗಡಿಯ ಪುಡಿಯನ್ನು ಯಾವ ನಾಚಿಕೆಯೂ ಇಲ್ಲದೆ ತನ್ನಿ.

ಈಗ ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಗರಗರ ಸದ್ದಾಗುವಾಗ ನಾನು ಇನ್ನೂ ಹಾಸಿಗೆಯಲ್ಲಿರುತ್ತೇನೆ. ಅವರು ಮಾತು ಉಳಿಸಿಕೊಂಡಿದ್ದಾರೆ, ಸುಳ್ಳು ಹೇಳಬಾರದು. ಕಾಫಿ ಚೆನ್ನಾಗಿಯೂ ಇರುತ್ತದೆ. ಒಂದೇ ವ್ಯತ್ಯಾಸ, ಕಾಫಿಯ ಬಗ್ಗೆ ಮಾತು ಮೊದಲಿನಷ್ಟಿಲ್ಲ. ಹಿಡಿ ತಿರುಗಿಸುವವರು ಯಾವಾಗಲೂ ಮಾತು ಕಡಿಮೆ ಆಡುತ್ತಾರೇನೋ.

ಮೊನ್ನೆ ಹಬ್ಬಕ್ಕೆ ಮನೆ ತುಂಬ ಜನ. ಹತ್ತು ಲೋಟ ಕಾಫಿ ಆಗಬೇಕಿತ್ತು. ಗ್ರೈಂಡರ್ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದವರು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು: "ಏನೇ, ಅಂಗಡಿ ಪುಡಿ ಏನಾದ್ರೂ ಇದೆಯಾ?"

ಮೇಲಿನ ಶೆಲ್ಫಿನಿಂದ ಡಬ್ಬ ತೆಗೆದು ಕೊಟ್ಟೆ. ಅದನ್ನು ನಾನು ಒಂದು ದಿನವೂ ಖಾಲಿಯಾಗಲು ಬಿಟ್ಟಿರಲಿಲ್ಲ.