ಫ್ರಂಟ್ ಲೋಡ್ ಯಂತ್ರದ ನೀರಿನ ಲೆಕ್ಕ

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಬಟ್ಟೆಯನ್ನು ನೀರಿನಲ್ಲಿ ಮುಳುಗಿಸುವುದಿಲ್ಲ. ನೆನೆಸಿ, ಎತ್ತಿ, ಕೆಡವುತ್ತದೆ. ಟಾಪ್ ಲೋಡ್ ಯಂತ್ರದ ಡ್ರಮ್ ನೆಟ್ಟಗೆ ನಿಂತಿರುವುದರಿಂದ ಬಟ್ಟೆ ಆಡುವಷ್ಟು ನೀರು ತುಂಬಲೇಬೇಕು. ಇಲ್ಲಿ ಡ್ರಮ್ ಅಡ್ಡ ಮಲಗಿದ್ದು, ನೀರು ತಳದಲ್ಲಷ್ಟೇ ನಿಲ್ಲುತ್ತದೆ. ಟಾಪ್ ಲೋಡ್ ಯಂತ್ರ ಒಂದು ಒಗೆತಕ್ಕೆ ಸಾಮಾನ್ಯವಾಗಿ 100 ಲೀಟರಿಗೂ ಹೆಚ್ಚು ಕುಡಿದರೆ, ಇದು 40ರಿಂದ 70 ಲೀಟರಿನೊಳಗೆ ಮುಗಿಸುತ್ತದೆ. ಉಳಿತಾಯವೇನೋ ನಿಜ. ಆದರೆ ಉಳಿಸಿದ ನೀರಿನ ಕೆಲಸವನ್ನು ಬೇರೆ ಯಾವುದೋ ಮಾಡಬೇಕಲ್ಲ. ಯಂತ್ರದ ಗುಣದೋಷಗಳೆರಡೂ ಇರುವುದು ಅಲ್ಲಿ.

ಮೊದಲ ನೀರು ಪುಡಿಯ ಡಬ್ಬಿಯ ಮೂಲಕ ಹಾದು ಒಳಬರುತ್ತದೆ. ಒಣಬಟ್ಟೆ ಅದನ್ನು ಹೀರಿದಂತೆ ಮಟ್ಟ ಇಳಿಯುತ್ತದೆ. ಟಬ್ಬಿನ ತಳಕ್ಕೆ ಜೋಡಿಸಿದ ಸಣ್ಣ ಕೊಳವೆಯಲ್ಲಿನ ಗಾಳಿಯ ಒತ್ತಡದಿಂದ ಅದನ್ನು ಅರಿತ ಯಂತ್ರ ಮತ್ತಷ್ಟು ನೀರು ಬಿಟ್ಟುಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು 50 ಸುತ್ತು ತಿರುಗುವ ಡ್ರಮ್ಮಿನೊಳಗಿನ ದಿಂಡುಗಳು ನೆನೆದ ಬಟ್ಟೆಯನ್ನು ಮೇಲಕ್ಕೊಯ್ದು ಬೀಳಿಸುತ್ತವೆ. ಬಿದ್ದ ಪೆಟ್ಟಿಗೆ ಎಳೆಗಳ ನಡುವಿನ ಸೋಪುನೀರು ಹಿಂಡಿ ಹೊರಬಂದು, ಮತ್ತೆ ಒಳಗಿಳಿಯುತ್ತದೆ. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಕುಕ್ಕುವುದರ ಹಿಂದಿರುವುದೂ ಇದೇ ತತ್ವ. ಇಲ್ಲಿನ ಏಟು ಮೆತ್ತಗಿನದು, ಆದ್ದರಿಂದ ಹೊತ್ತು ಹೆಚ್ಚು ಬೇಕು. ಒಂದೂವರೆ, ಎರಡು ಗಂಟೆ ಹಿಡಿಯುವುದು ಯಂತ್ರದ ಸೋಮಾರಿತನವಲ್ಲ. ಹಾಗೆ ನೋಡಿದರೆ 15 ನಿಮಿಷದ ‘ಕ್ವಿಕ್ ವಾಷ್’ ಈ ಯಂತ್ರದ ಸ್ವಭಾವಕ್ಕೇ ಒಗ್ಗದ ಸೌಲಭ್ಯ: ಬೆವರಿನ ಅಂಗಿಗೆ ಸಾಕು, ಮಕ್ಕಳ ಮಣ್ಣಾದ ಯೂನಿಫಾರ್ಮಿಗೆ ಸಾಲದು.

ನೀರು ಕಡಿಮೆಯಾದರೆ ಕಾಯಿಸುವ ಖರ್ಚೂ ಕಡಿಮೆ. 15 ಲೀಟರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ವಿದ್ಯುತ್ ಸಾಕು. ಎಣ್ಣೆ ಜಿಡ್ಡಿನ ಮೇಲೆ ಬಿಸಿನೀರಿನ ಪರಿಣಾಮ ತಣ್ಣೀರಿಗೆ ಬಾರದು.

ಆಕ್ಷೇಪಗಳು ಹೆಚ್ಚಾಗಿ ಕೇಳಿಬರುವುದು ಜಾಲಾಡುವ ಹಂತದ ಬಗ್ಗೆ. ಇಷ್ಟು ನೀರಿನಲ್ಲಿ ಸೋಪು ಹೋಗುತ್ತದೆಯೇ? ಲೆಕ್ಕ ಯಂತ್ರದ ಪರವಾಗಿದೆ. ಹಿಂಡಿದ ಮೇಲೂ ಬಟ್ಟೆಯಲ್ಲಿ 5 ಲೀಟರ್ ಸೋಪುನೀರು ಉಳಿದಿದೆ ಎಂದುಕೊಳ್ಳೋಣ. ಅದಕ್ಕೆ 15 ಲೀಟರ್ ಹೊಸ ನೀರು ಸೇರಿದರೆ ಸೋಪಿನ ಸಾಂದ್ರತೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಿಂಡಿ ಮತ್ತೆ ಅಷ್ಟೇ ಸೇರಿಸಿದರೆ 16ರಲ್ಲಿ ಒಂದು, ಮೂರನೆಯ ಸಲಕ್ಕೆ 64ರಲ್ಲಿ ಒಂದು. ಅದೇ 45 ಲೀಟರನ್ನು ಒಂದೇ ಸಲ ಸುರಿದಿದ್ದರೆ ಹತ್ತರಲ್ಲಿ ಒಂದು ಪಾಲು ಉಳಿದೇ ಇರುತ್ತಿತ್ತು. ಅಂದರೆ ಬಟ್ಟೆ ಶುಚಿಯಾಗಲು ನೀರಿನ ಪ್ರಮಾಣಕ್ಕಿಂತ ನಡುನಡುವೆ ಚೆನ್ನಾಗಿ ಹಿಂಡುವುದೇ ಮುಖ್ಯ.

ಈ ಲೆಕ್ಕವನ್ನು ಕೆಡಿಸುವುದು ನೊರೆ. ಬಕೆಟ್ ಒಗೆತಕ್ಕೆಂದು ಮಾಡಿದ ಪುಡಿಯನ್ನು ಹಾಕಿದರೆ ನೊರೆ ಡ್ರಮ್ ತುಂಬಿಕೊಂಡು ಬೀಳುವ ಬಟ್ಟೆಗೆ ಮೆತ್ತೆಯಾಗುತ್ತದೆ, ಏಟೇ ಬೀಳುವುದಿಲ್ಲ. ಹಿಂಡುವಾಗಲೂ ಅದೇ ಅಡ್ಡಿ. ಹಲವು ಯಂತ್ರಗಳು ನೊರೆಯನ್ನು ಗುರುತಿಸಿ ಇನ್ನೊಂದು ಸಲ ನೀರು ಬಿಡುತ್ತವೆ, ಉಳಿತಾಯ ಅಲ್ಲಿಗೇ ಹೋಯಿತು. ಡ್ರಮ್ಮಿಗೆ ಬಟ್ಟೆ ಗಿಡಿದು ತುಂಬಿದರೂ ಫಲ ಇಷ್ಟೇ: ಮೇಲಿನಿಂದ ಬೀಳಲು ಜಾಗವೇ ಇರುವುದಿಲ್ಲ.

ನಮ್ಮ ಮನೆಗಳ ನೀರಿಗೆ ಈ ಯಂತ್ರ ಅರ್ಧ ಮಾತ್ರ ಹೊಂದುತ್ತದೆ. ಓವರ್‌ಹೆಡ್ ಟ್ಯಾಂಕ್ ಯಂತ್ರಕ್ಕಿಂತ 3 ಮೀಟರ್ ಮಾತ್ರ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್; ನೀರು ತುಂಬುವುದು ನಿಧಾನವಾಗಿ ಯಂತ್ರ ದೋಷ ತೋರಿಸಿ ನಿಂತುಬಿಡಬಹುದು. ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನಂಬಿರುವವರಿಗೆ ಗಡಸುತನ ಇನ್ನೊಂದು ತೊಡಕು. ಕಡಿಮೆ ನೀರು ಬಳಸುವುದರಿಂದ ಒಳಬರುವ ಸುಣ್ಣದ ಅಂಶವೂ ಕಡಿಮೆ ಎಂಬುದು ಯಂತ್ರದ ಪರವಾದ ಮಾತು. ಆದರೆ ಬಿಸಿಯಾದಾಗ ಆ ಸುಣ್ಣ ಬಿಳಿ ಪದರವಾಗಿ ಹೀಟರಿಗೇ ಅಂಟುತ್ತದೆ, ಕಾಲಕಾಲಕ್ಕೆ ಅದನ್ನು ಕರಗಿಸಬೇಕು.

ಬಾಗಿಲಿನ ರಬ್ಬರ್ ಮಡಿಕೆ ವಿನ್ಯಾಸದ ಸ್ಪಷ್ಟ ದೌರ್ಬಲ್ಯ. ನೀರು ಸೋರದಂತೆ ತಡೆಯುವ ಅದೇ ಮಡಿಕೆಯೊಳಗೆ ಒಂದಿಷ್ಟು ನೀರು, ನೂಲಿನ ಚೂರು, ಸೋಪಿನ ಲೋಳೆ ಉಳಿದು ಕಪ್ಪು ಬೂಷ್ಟು ಹಿಡಿಯುತ್ತದೆ. ಸದಾ ತಣ್ಣೀರಿನಲ್ಲೇ ಒಗೆಯುವ ಮನೆಗಳಲ್ಲಿ ಮುಗ್ಗು ವಾಸನೆ ಬೇಗ ಹಿಡಿಯುತ್ತದೆ. ಒಗೆದ ಮೇಲೆ ಮಡಿಕೆ ಒರೆಸಿ ಬಾಗಿಲು ತೆರೆದಿಡುವುದು, ಆಗಾಗ ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಓಡಿಸುವುದು ಇದಕ್ಕೆ ಮದ್ದು. ಒಗೆತಕ್ಕೆ ಇಷ್ಟು ಲೀಟರ್ ಎಂಬ ಅಂಕಿಯಲ್ಲಿ ಈ ನೀರು ಸೇರಿರುವುದಿಲ್ಲ.