ಏಕಪದರ ನರಜಾಲ ಮತ್ತು ಭೂತಕಾಲ ರೂಪಗಳ ಕಲಿಕೆ: ಒಂದು ವಿಮರ್ಶೆ

ವ್ಯಾಕರಣ ನಿಯಮಗಳಿಲ್ಲದೆ ಉದಾಹರಣೆಗಳಿಂದಲೇ ರೂಪರಚನೆಯನ್ನು ಕಲಿಯಬಹುದೆಂಬ ವಾದಕ್ಕೆ ರೂಮೆಲ್‌ಹಾರ್ಟ್ ಮತ್ತು ಮೆಕ್‌ಕ್ಲೆಲ್ಯಾಂಡ್ 1986ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಭೂತಕಾಲದ ಮಾದರಿಯನ್ನು ಆಧಾರವಾಗಿ ಉಲ್ಲೇಖಿಸುವುದು ರೂಢಿ. ಆ ಮಾದರಿಯಲ್ಲಿ ಬದಲಾಗಬಲ್ಲ ತೂಕಗಳಿದ್ದುದು ಒಂದೇ ಪದರದಲ್ಲಿ. ಅದರ ಕಲಿಕೆಯ ವಿಧಾನ ರೋಸೆನ್‌ಬ್ಲಾಟರ ಪರ್ಸೆಪ್ಟ್ರಾನಿನದು. ಈ ಅಂಶವನ್ನು ಕಡೆಗಣಿಸಿರುವುದರಿಂದಲೇ ಅದರ ಪರ ವಿರೋಧಗಳೆರಡೂ ದಾರಿ ತಪ್ಪಿವೆಯೆಂದು ನಾವು ಭಾವಿಸುತ್ತೇವೆ.

ಪರ್ಸೆಪ್ಟ್ರಾನಿನ ಘಟಕವು ಪ್ರತಿ ಒಳಹರಿವನ್ನು ಅದರ ತೂಕದಿಂದ ಗುಣಿಸಿ ಕೂಡಿಸುತ್ತದೆ. ಮೊತ್ತವು ನಿಗದಿತ ಮಿತಿಯನ್ನು ಮೀರಿದರೆ 1, ಇಲ್ಲವಾದರೆ 0 ಎಂದು ಉತ್ತರಿಸುತ್ತದೆ. ಉತ್ತರ ತಪ್ಪಿದಾಗ ಮಾತ್ರ ತೂಕಗಳು ಬದಲಾಗುತ್ತವೆ. ಇಂತಹ ಘಟಕಕ್ಕೆ ಎರಡು ಲಕ್ಷಣಗಳಲ್ಲಿ ಯಾವುದಾದರೊಂದೇ ಇದ್ದಾಗ ‘ಹೌದು’, ಎರಡೂ ಇದ್ದಾಗ ಅಥವಾ ಎರಡೂ ಇಲ್ಲದಾಗ ‘ಅಲ್ಲ’ ಎನ್ನುವುದು ಅಸಾಧ್ಯ. ಎರಡೂ ಇಲ್ಲದಾಗ ‘ಅಲ್ಲ’ ಎನ್ನಬೇಕಾದರೆ ಮಿತಿಯು ಸೊನ್ನೆಗಿಂತ ಕಡಿಮೆಯಿರಲಾಗದು. ಒಂದೊಂದು ತೂಕವೂ ಆ ಮಿತಿಯನ್ನು ಮೀರಿದ ಮೇಲೆ ಎರಡರ ಮೊತ್ತವೂ ಮೀರಲೇಬೇಕು. ಮಿನ್‌ಸ್ಕಿ ಮತ್ತು ಪೇಪರ್ಟ್ 1969ರಲ್ಲಿ ಇಂತಹ ಮಿತಿಗಳನ್ನು ಗಣಿತದಿಂದ ವಿವೇಚಿಸಿದ್ದರು.

ಹಾಗಾದರೆ 1986ರ ಮಾದರಿ ಅಷ್ಟಾದರೂ ಕಲಿತದ್ದು ಹೇಗೆ? ಅದರ 460 ಒಳಹರಿವಿನ ಘಟಕಗಳು ಬಿಡಿ ಧ್ವನಿಗಳನ್ನಲ್ಲ, ಹಿಂದಿನ ಮತ್ತು ಮುಂದಿನ ಧ್ವನಿಗಳ ಲಕ್ಷಣಗಳೊಡನೆ ಹೆಣೆದ ತ್ರಿಕಗಳನ್ನು ಗುರುತಿಸುತ್ತಿದ್ದವು. ಕನ್ನಡದಲ್ಲಿ ಇಡು–ಇಟ್ಟ, ಸುಡು–ಸುಟ್ಟ. ಆದರೆ ಆಡು–ಆಡಿದ, ನೋಡು–ನೋಡಿದ. ಇಲ್ಲಿ ನಿರ್ಣಾಯಕವಾದದ್ದು ಡಕಾರದ ಹಿಂದಿನ ಸ್ವರದ ಹ್ರಸ್ವತೆ. ತ್ರಿಕಗಳನ್ನು ಕೊಟ್ಟರೆ ಏಕಪದರ ಜಾಲ ಇದನ್ನು ಕಲಿಯಬಲ್ಲದು. ಆದರೆ ನೆರೆಹೊರೆಯ ಧ್ವನಿಗಳೇ ಮುಖ್ಯವೆಂಬ ತಿಳಿವಳಿಕೆ ಜಾಲದ್ದಲ್ಲ, ಅದನ್ನು ರಚಿಸಿದ ಸಂಶೋಧಕನದು. ನಿಯಮವಿಲ್ಲವೆಂದು ಸಾರಿದ ಮಾದರಿಯೊಳಗೆ ಧ್ವನಿವಿಶ್ಲೇಷಣೆ ಮೊದಲೇ ಬಂದು ಕುಳಿತಿತ್ತು. ಕಲಿಕೆಯ ಕ್ರಮವೂ ಹೀಗೆಯೇ: ಮೊದಲು ಬಹುಪಾಲು ಅನಿಯತವಾದ 10 ಕ್ರಿಯಾಪದಗಳು, ಬಳಿಕ ಬಹುಪಾಲು ನಿಯತವಾದ 410 ಒಮ್ಮೆಗೇ. ಮಕ್ಕಳಂತೆ ಜಾಲವೂ ನಡುವೆ ಎಡವಿದ್ದಕ್ಕೆ ಈ ಜಿಗಿತವೇ ಕಾರಣವೆಂಬ ಪಿಂಕರ್ ಮತ್ತು ಪ್ರಿನ್ಸರ 1988ರ ಆಕ್ಷೇಪ ನಮಗೂ ಸಮ್ಮತ.

ಆದರೆ ವಿರೋಧಿಗಳು ತೋರುವ ಎಲ್ಲ ದೋಷಗಳೂ ಏಕಪದರದವಲ್ಲ. ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಣೆಯ ‘ರಿಂಗ್’ ಧಾತುಗಳಲ್ಲಿ ಗಂಟೆ ಬಾರಿಸುವುದರ ಭೂತರೂಪ ‘ರ್‍ಯಾಂಗ್’, ಹಿಂಡುವುದರದು ‘ರಂಗ್’. ಧ್ವನಿಯನ್ನಷ್ಟೇ ಪಡೆಯುವ ಜಾಲಕ್ಕೆ ನೂರು ಪದರಗಳನ್ನು ಸೇರಿಸಿದರೂ ಇವೆರಡನ್ನು ಬೇರ್ಪಡಿಸಲಾಗದು. ಇದು ಪದರದ ಕೊರತೆಯಲ್ಲ, ನಿರೂಪಣೆಯ ಕೊರತೆ. ಈ ಎರಡನ್ನು ಬೆರೆಸಿ ‘ನರಜಾಲಗಳು ವ್ಯಾಕರಣವನ್ನು ಕಲಿಯಲಾರವು’ ಎಂದು ತೀರ್ಪು ನೀಡುವುದು, ‘ನಿಯಮಗಳೇ ಬೇಡ’ ಎಂಬ ಘೋಷಣೆಯಷ್ಟೇ ಆತುರದ್ದು.

ಸಾಗು–ಸಾಗಿದ, ಬಾಗು–ಬಾಗಿದ ಎಂಬವುಗಳ ಪಕ್ಕದಲ್ಲೇ ಆಗು–ಆದ, ಹೋಗು–ಹೋದ ಎಂಬ ರೂಪಗಳಿರುವ ಕನ್ನಡಕ್ಕೆ ಮಾದರಿ ಕಟ್ಟುವವರು ಫಲಿತಾಂಶದ ಶೇಕಡಾವಾರಿಗಿಂತ ಮೊದಲು ಒಳಹರಿವಿನ ನಿರೂಪಣೆಯನ್ನು ಸಮರ್ಥಿಸಬೇಕು. ಜಾಲ ಕಲಿತದ್ದೆಷ್ಟು, ನಾವು ಕಲಿಸಿ ಕಳುಹಿಸಿದ್ದೆಷ್ಟು ಎಂಬ ಲೆಕ್ಕ ಅಲ್ಲಿಯೇ ತೀರಬೇಕಾದದ್ದು.